ಹಗ್ಗ ಬಿಟ್ಟು ಕೈಮುಗಿದ ಬೆಳಿಗ್ಗೆ

ಓದುವ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ನನ್ನ ನಮಸ್ಕಾರ. ತಪ್ಪು ಕಂಡಲ್ಲಿ ಹೊಟ್ಟೆಗೆ ಹಾಕಿಕೊಳ್ಳಬೇಕು. ನಾನು ಅಕ್ಷರ ಕಲಿತದ್ದೇ ಇಪ್ಪತ್ತೆಂಟು ದಾಟಿದ ಮೇಲೆ. ಈಗ ಎಪ್ಪತ್ತರ ಹತ್ತಿರ ಬಂದಿದ್ದೇನೆ. ನಮ್ಮ ಪ್ರಾರ್ಥನಾ ಮಂದಿರಕ್ಕೆ ಟೈಪು ಮಾಡುವ ಯಂತ್ರ ಬಂದಿದೆ, ಅದರ ಮುಂದೆ ಕೂತು ಒಂದೇ ಬೆರಳಿನಿಂದ ಇದನ್ನು ಹೊಡೆಯುತ್ತಿದ್ದೇನೆ. ಒತ್ತಕ್ಷರ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಹೇಳಬೇಕಾದ ಮಾತು ಹಾರಿಹೋಗುತ್ತದೆ. ಮಗ್ಗದಲ್ಲಿ ಲಾಳಿ ಎಸೆದ ಕೈ ಇದು, ಗುಂಡಿ ಒತ್ತುವುದನ್ನು ಒಪ್ಪುತ್ತಿಲ್ಲ.

ಬರೆಯಲು ಕಾರಣ ಸಿಟ್ಟು. ಪ್ರತಿ ಭಾನುವಾರ ಯಾರಾದರೊಬ್ಬರು ಎದ್ದು ನಿಂತು, 'ಚಿಂತೆ ಇತ್ತು, ಪ್ರಾರ್ಥಿಸಿದೆ, ಹೋಯಿತು' ಎಂದು ಹೇಳಿ ಕೂತುಬಿಡುತ್ತಾರೆ. ಪ್ರಾರ್ಥಿಸಿದ್ದಕ್ಕೂ ಹೋಗಿದ್ದಕ್ಕೂ ನಡುವೆ ಏನೇನಾಯಿತು ಎಂದು ಒಬ್ಬರೂ ಹೇಳುವುದಿಲ್ಲ. ನನ್ನ ಚಿಂತೆ ಅಷ್ಟು ಸುಲಭವಾಗಿ ಹೋದದ್ದಿಲ್ಲ. ಅದನ್ನು ಕಳಿಸುವ ಗಡಿಬಿಡಿಯಲ್ಲಿ ನಾನು ಮಾಡಿಕೊಂಡ ಫಜೀತಿ ನಮ್ಮ ಓಣಿಗೆಲ್ಲ ಗೊತ್ತು. ನಿಮಗೂ ಗೊತ್ತಾಗಲಿ.

ಈ ಇಪ್ಪತ್ತನೆಯ ಶತಮಾನ ಹುಟ್ಟಿ ನಾಲ್ಕೈದು ವರ್ಷವಾಗಿತ್ತು. ನಾವು ಬೈಲಹೊಂಗಲದ ನೇಕಾರರ ಓಣಿಯವರು. ನಾನು ಹುಟ್ಟುತ್ತಲೇ ಚಿಂತೆಯ ಮನುಷ್ಯ. ಮೋಡ ಬಂದರೆ ನೂಲು ಥಂಡಿ ಹಿಡಿದೀತೆಂಬ ಚಿಂತೆ, ಬಿಸಿಲು ಬಂದರೆ ಹರಿದೀತೆಂಬ ಚಿಂತೆ. ಬಾಗಿಲಿಗೆ ಚಿಲಕ ಹಾಕಿ ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಮುಟ್ಟಿ ನೋಡುತ್ತಿದ್ದೆ. ಹೆಂಡತಿ ತವರಿಗೆಂದು ರಾಮದುರ್ಗಕ್ಕೆ ಹೊರಟರೆ, ಅವಳ ಗಾಡಿ ಸವದತ್ತಿಯ ಹತ್ತಿರ ಹೊಳೆ ದಾಟಿತೋ ಇಲ್ಲವೋ ಎಂದು ನಾನು ಇಲ್ಲಿ ಊಟ ಬಿಡುತ್ತಿದ್ದೆ. ಅವಳು ಅಲ್ಲಿ ತಾಯಿಯ ಕೈಯ ಹೋಳಿಗೆ ತಿನ್ನುತ್ತಿರುತ್ತಿದ್ದಳು. ನಮ್ಮಪ್ಪ ಬಂದವರೆದುರಿಗೆಲ್ಲ ಹೇಳುತ್ತಿದ್ದ: "ಮಗ್ಗ ನಿಂತ್ರೂ ಇವನ ಹೊಟ್ಯಾಗಿನ ಲಾಳಿ ನಿಂದ್ರೂದಿಲ್ಲ."

ಹಿಂದಿನ ವರ್ಷ ಊರಲ್ಲಿ ಪ್ಲೇಗು ಬಿದ್ದು ಎಲ್ಲರೂ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದೆವು. ಅಪ್ಪ ಅಲ್ಲೇ ತೀರಿಕೊಂಡ. ಹೆಂಡತಿಗೂ ಜ್ವರ ಹತ್ತಿತು. ಓಣಿಯವರು ಯಾರೂ ಹತ್ತಿರ ಬರಲಿಲ್ಲ. ನಾನೂ ಬೇರೆಯವರ ಗುಡಿಸಲಿಗೆ ಹೋಗಿರಲಿಲ್ಲ, ಆದ್ದರಿಂದ ದೂರುವ ಬಾಯಿ ನನಗಿಲ್ಲ. ಬಂದವರು ಬೋಧಕರೊಬ್ಬರೇ. ಕಿತ್ತೂರ ಕಡೆಯ ರೈತನ ಮಗ, ಬೈಲಹೊಂಗಲದಲ್ಲಿ ಒಂದು ಖೋಲಿ ಹಿಡಿದುಕೊಂಡು ನೇಸರಗಿ, ಸಂಪಗಾಂವ ಎಂದು ನಡೆದು ತಿರುಗಿ ಯೇಸುಸ್ವಾಮಿಯ ಮಾತು ಹೇಳುತ್ತಿದ್ದರು. ಹದಿನೆಂಟು ದಿನ ಅವರೇ ನಮಗೆ ನೀರು ಹೊತ್ತು ತಂದರು, ಗಂಜಿ ಕಾಸಿ ಕೊಟ್ಟರು. ಹೆಂಡತಿ ಉಳಿದಳು. ಊರಿಗೆ ತಿರುಗಿ ಬಂದ ಮೇಲೆ ನಾನು ಅವರ ಪಾಟಿಯ ಮೇಲೆ ಅಕ್ಷರ ತಿದ್ದಿದೆ. ಸಂಕ್ರಾಂತಿ ಮುಗಿದ ಮೇಲೆ ನಾವಿಬ್ಬರೂ ದೀಕ್ಷಾಸ್ನಾನ ತೆಗೆದುಕೊಂಡೆವು.

ನನ್ನ ಚಿಂತೆಯ ವಿಷಯ ಬೋಧಕರಿಗೆ ಹೇಳಿದವಳು ನನ್ನ ಹೆಂಡತಿ. ಅವರು ಔಷಧಿ ಹೇಳುವ ವೈದ್ಯರಂತೆ ಹೇಳಿದರು: "ಮುಂಜಾನೆ ಎದ್ದ ಕೂಡ್ಲೆ ಏನೂ ಬೇಡಬ್ಯಾಡ. ಮೊದಲ ಮೂರು ಸ್ತೋತ್ರಾ ಹೇಳು. ಅಂದ್ರ ದೇವರು ಕೊಟ್ಟ ಮೂರು ಒಳ್ಳೇದು ನೆನಸಿ ಉಪಕಾರ ಹೇಳು. ಆಮ್ಯಾಲ ನಿನ್ನ ಚಿಂತಿ ಹೇಳು. ಕೈ ಜೋಡಿಸಿ, ಕಣ್ಣು ಮುಚ್ಚಿ ಹೇಳು, ಅಂದ್ರ ಮನಸು ಅತ್ತ ಇತ್ತ ಓಡೂದಿಲ್ಲ."

ಮೂರು ಎಂದರೆ ಎಷ್ಟು ಕಷ್ಟ ಎಂದು ಮಾಡಿದವರಿಗೆ ಗೊತ್ತು. ಮೊದಲ ದಿನ ಹೆಂಡತಿ ಉಳಿದದ್ದಕ್ಕೆ ಸ್ತೋತ್ರ ಹೇಳಿದೆ. ಎರಡನೆಯದಕ್ಕೆ ಹುಡುಕಾಡಿದೆ, ಎದುರಿಗೆ ಹೊಸ ಕೊಡ ಕಂಡಿತು, ಕೊಡಕ್ಕೆ ಹೇಳಿದೆ. ಮೂರನೆಯದು ನೆನಪಾಗುವಷ್ಟರಲ್ಲಿ ಕೊಡದ ತಳ ಒಡೆದೀತೇನೋ ಎಂಬ ಚಿಂತೆ ಶುರುವಾಯಿತು. ನಾಲ್ಕನೆಯ ದಿನ ಹೆಂಡತಿ ಒಲೆಯ ಮುಂದಿನಿಂದಲೇ ಅಂದಳು:

"ಇವತ್ತೂ ಕೊಡಕ್ಕೇ ಹೇಳಿದ್ರೇನು? ದೇವರಿಗೆ ಬ್ಯಾಸರ ಆಗಿರತೈತಿ. ಒಂದ ದಿನ ಕುಡಗೋಲಿಗೆ ಹೇಳ್ರಿ."

ಇಷ್ಟು ತಯಾರಿಯಲ್ಲಿದ್ದಾಗ ಹೊಸ ಹಾಸಿನ ದಿನ ಬಂತು. ಹಾಸು ಎಂದರೆ ಮಗ್ಗದಲ್ಲಿ ಉದ್ದಕ್ಕೆ ಬರುವ ನೂಲು. ಅದನ್ನು ಮಗ್ಗಕ್ಕೆ ಏರಿಸುವ ಮೊದಲು ಗಂಜಿ ಹಚ್ಚಬೇಕು, ಇಲ್ಲದಿದ್ದರೆ ನೂಲು ತಡೆಯುವುದಿಲ್ಲ. ಸೂರ್ಯ ಹುಟ್ಟುವ ಹೊತ್ತಿಗೆ ಓಣಿಯ ಉದ್ದಕ್ಕೂ ಹಾಸನ್ನು ಬಿಗಿದು, ಕತ್ತರಿಯಂತೆ ಕಟ್ಟಿದ ಬಿದಿರುಕಾಲುಗಳ ಮೇಲೆ ಎತ್ತಿ ನಿಲ್ಲಿಸಿ, ಎರಡೂ ಬದಿಗೆ ಜನ ನಿಂತು ಗಂಜಿ ಬಳಿಯುತ್ತ ಕುಂಚದಿಂದ ಬಾಚುತ್ತ ನಡೆಯಬೇಕು. ಹರಿದ ಎಳೆಯನ್ನು ಅಲ್ಲಲ್ಲೇ ಹೊಸೆಯಬೇಕು. ಬಿಸಿಲೇರುವುದರೊಳಗೆ ಮುಗಿಯಬೇಕು. ಅರ್ಧಕ್ಕೆ ನಿಂತರೆ ಎಳೆಗೆ ಎಳೆ ಅಂಟಿಕೊಂಡು ಹಾಸು ಹಲಗೆಯಾಗುತ್ತದೆ, ಎರಡು ತಿಂಗಳ ಕೆಲಸ ತಿಪ್ಪೆಗೆ ಹೋಗುತ್ತದೆ. ಒಂದು ಮನೆಯವರಿಂದ ಆಗುವ ಕೆಲಸವಲ್ಲ ಅದು. ಹತ್ತು ಜನ ಬೇಕು. ಆದ್ದರಿಂದ ಯಾರ ಹಾಸಿದ್ದರೂ ಓಣಿಯ ಪ್ರತಿ ಮನೆಯಿಂದ ಒಬ್ಬರು ಬರುವುದು ರೂಢಿ.

ಕರೆಯುವುದಕ್ಕೂ ರೂಢಿ ಇತ್ತು. ಹಿಂದಿನ ಸಂಜೆ ಮನೆಯ ಯಜಮಾನ ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋಗಿ ಬಾಗಿಲಿಗೆ ಬೊಟ್ಟಿಟ್ಟು, 'ನಾಳೆ ನಮ್ಮ ಹಾಸು' ಎಂದು ಹೇಳಿ ಬರಬೇಕು. ಬೆಳಿಗ್ಗೆ ಹಾಸು ಬಿಗಿಯುವ ಕಂಬದ ಬುಡದಲ್ಲಿ ಸವದತ್ತಿಯ ಅಮ್ಮನ ಹೆಸರಲ್ಲಿ ಕಾಯಿ ಒಡೆಯಬೇಕು. ಅಪ್ಪ ಇದ್ದಾಗ ಎಲ್ಲ ಅವನೇ ಮಾಡುತ್ತಿದ್ದ. ಈಗ ಅಪ್ಪ ಇಲ್ಲ. ದೀಕ್ಷಾಸ್ನಾನ ಆದ ಮೇಲೆ ನಾನು ಕುಂಕುಮ ಹಿಡಿಯುವಂತಿಲ್ಲ, ಕಾಯಿ ಒಡೆಯುವಂತಿಲ್ಲ. ಬರಿಗೈಯಲ್ಲಿ ಹೋಗಿ ಕರೆದರೆ ಓಣಿಗೆ ಅವಮಾನ ಮಾಡಿದಂತೆ. ನಾವು ಪ್ರಾರ್ಥನೆಗೆ ಹೋಗಲು ಶುರು ಮಾಡಿದ ಮೇಲೆ ಇದೇ ಮೊದಲ ಹಾಸು. ಓಣಿ ಬರುತ್ತದೋ ಇಲ್ಲವೋ? ಬರದಿದ್ದರೆ ಈ ಹಾಸು ಅಷ್ಟೇ ಅಲ್ಲ, ಮುಂದಿನ ಯಾವ ಹಾಸೂ ಇಲ್ಲ. ಓಣಿ ಬಿಟ್ಟ ನೇಕಾರ ನೇಕಾರನೇ ಅಲ್ಲ. ನನ್ನ ಹೊಟ್ಟೆಯ ಲಾಳಿ ಅಂಥ ಓಟ ಹಿಂದೆಂದೂ ಓಡಿರಲಿಲ್ಲ.

ಬೋಧಕರಿಗೆ ಹೇಳಿದೆ. ಜನ ಬರದಿದ್ದರೆ ಹೇಗೆ ಎಂದಷ್ಟೇ ಹೇಳಿದೆ, ಕರೆಯುವ ರೂಢಿಯ ಮಾತು ಹೇಳಲಿಲ್ಲ. ಅವರು ರೈತರ ಮಗ, ಅವರಿಗೇನು ಗೊತ್ತು. "ದೇವರು ಕಳಸ್ತಾನ, ಪ್ರಾರ್ಥನಾ ಮಾಡು" ಅಂದರು. ಎಂಟು ದಿನ ಮಾಡಿದೆ. ಸಣ್ಣಪುಟ್ಟ ಪ್ರಾರ್ಥನೆಯಲ್ಲ. 'ತಂದೆಯೇ, ನಮ್ಮ ಓಣಿಯ ಹತ್ತು ಜನರ ಮನಸ್ಸು ತಿರುಗಿಸು, ಅವರಾಗಿಯೇ ಎದ್ದು ಬರಲಿ' ಎಂದು ಮನೆಯ ಕ್ರಮದಲ್ಲೇ ಒಬ್ಬೊಬ್ಬರನ್ನೂ ಹೇಳಿ ಬೇಡಿದೆ. 'ಪ್ರಾರ್ಥಿಸೋಣ' ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನ್ನ ಕೈ ತಾವಾಗಿಯೇ ಕೂಡುತ್ತಿದ್ದವು, ಕಣ್ಣು ತಾವಾಗಿಯೇ ಮುಚ್ಚುತ್ತಿದ್ದವು. ಅಷ್ಟು ಪಳಗಿದ್ದೆ.

ಏಳನೆಯ ದಿನ ಹೆಂಡತಿಗೆ ತಾಳ್ಮೆ ಮುಗಿಯಿತು.

"ಎಂಟು ದಿನಾ ಆತು, ದೇವರಿಗೆ ಎಲ್ಲಾರ ಹೆಸರೂ ಹೇಳಾಕತ್ತೀರಿ. ಹೋಗಿ ಎದುರಮನಿ ಕಾಕಾಗ ಒಂದ ಮಾತ ಹೇಳಾಕ ಏನಾಗೈತಿ?"

"ಏಳು ದಿನಾ" ಅಂದೆ.

"ಎಣಿಸಾಕ ಬರತೈತಿ, ಕರಿಯಾಕ ಬರೂದಿಲ್ಲ. ಮುಗಿಲಿನ್ಯಾಗ ಇರಾವಗ ಕೇಳಸ್ತೈತಿ, ಗ್ವಾಡಿ ಆಚಿ ಇರಾವಗ ಕೇಳಸೂದಿಲ್ಲೇನು?"

"ಕೈಯಾಗ ಏನ ಹಿಡಕೊಂಡು ಹೋಗಲಿ? ಬೋಧಕರು ಕುಂಕುಮ ಬ್ಯಾಡ ಅಂದಾರ."

"ಕುಂಕುಮ ಬ್ಯಾಡ ಅಂದಾರ, ಬಾಯಿ ಬ್ಯಾಡ ಅಂದಾರೇನು?"

ಅವಳಿಗೆ ಏನು, ರಾಮದುರ್ಗದ ನೇಕಾರರ ಮಗಳು, ಬಾಯಿಗೆ ಬರ ಬಂದವಳಲ್ಲ. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಮರುದಿನ ಸಂಜೆ ಎದುರುಮನೆಯ ಕಾಕಾನಲ್ಲಿಗೆ ಹೋದೆ. ಕಾಕಾ ನಮ್ಮ ಸಂಬಂಧಿಯಲ್ಲ, ಅಪ್ಪನ ಜೋಡಿಯವನು, ಓಣಿಗೆ ಹಿರಿಯ. ಅವನು ಬಂದರೆ ಎಲ್ಲರೂ ಬಂದಂತೆ. ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ.

"ಬಾ ತಮ್ಮಾ, ಕುಂದ್ರು" ಅಂದ.

ಕೂತೆ. ಗಾಳಿಯ ಮಾತಾಡಿದೆ. ಸಂಪಗಾಂವ ಕಡೆ ಮೋಡ ಕಾಣುತ್ತಿದೆ ಅಂದೆ. ಅವನ ಎಮ್ಮೆಯ ಕಾಲು ಹೇಗಿದೆ ಎಂದು ಕೇಳಿದೆ.

"ಎಮ್ಮಿ ಕಾಲು ಛಲೋ ಐತಿ. ಮತ್ತ?"

"ಏನಿಲ್ಲ ಕಾಕಾ."

"ನೂಲು ತಯಾರ ಆಗೈತೆಂತ ಕೇಳೀನಿ."

"ಹೂಂ, ಆಗೈತಿ."

ಅವನು ಇನ್ನೊಂದು ಎಲೆಗೆ ಸುಣ್ಣ ಹಚ್ಚುತ್ತ ಕಾದ. ನಾನು ನನ್ನ ಬರಿಗೈಯನ್ನೇ ನೋಡುತ್ತ ಕೂತೆ. ಕೊನೆಗೆ, "ಬರತೇನಿ ಕಾಕಾ" ಎಂದು ಎದ್ದು ಬಂದೆ. ಆಗಿನ ನನ್ನನ್ನು ಈಗ ನೆನೆದರೂ ಕಪಾಳಕ್ಕೆ ಬಾರಿಸಬೇಕು ಅನಿಸುತ್ತದೆ.

"ಹೇಳಿ ಬಂದ್ರೇನು?" ಹೆಂಡತಿ ಕೇಳಿದಳು.

"ಅವಗ ಗೊತ್ತೈತಿ" ಅಂದೆ. ಅದು ಸುಳ್ಳಲ್ಲ. ನಿಜವೂ ಅಲ್ಲ.

ಬೆಳಗಿನ ಜಾವ ಎದ್ದು ಮೂರು ಸ್ತೋತ್ರ ಹೇಳಿದೆ. ಕೊಡವನ್ನು ಬಿಟ್ಟೆ. ಜೋಳದ ಗಂಜಿ ಕುದಿಯಿತು. ಹಾಸನ್ನು ಹೊರಗೆ ತಂದು, ಒಂದು ತುದಿಯನ್ನು ಬೇವಿನ ಮರಕ್ಕೆ ಕಟ್ಟಿ, ಇನ್ನೊಂದು ತುದಿಯ ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿ ಕೈಯಲ್ಲಿ ಹಿಡಿದೆ. ಹಸಿ ನೂಲು ಜಗ್ಗುತ್ತದೆ, ಸಡಿಲಾಗುತ್ತದೆ, ಅದಕ್ಕೆ ತಕ್ಕಂತೆ ಹಗ್ಗ ಬಿಗಿಯಲು ಒಬ್ಬ ನಿಲ್ಲಲೇಬೇಕು. ಬೋಧಕರು ಪಂಚೆ ಮೇಲೆ ಕಟ್ಟಿ ಬಂದರು. ಮೂರು ಜನ. ಓಣಿಯಲ್ಲಿ ಎಲ್ಲರೂ ಎದ್ದಿದ್ದರು. ಎಲ್ಲರ ಬಾಗಿಲೂ ತೆರೆದಿದ್ದವು. ಯಾರೂ ಮೆಟ್ಟಿಲು ಇಳಿಯಲಿಲ್ಲ. ಕಾಕಾ ಕಟ್ಟೆಯ ಮೇಲೆ ಕೂತು ಬೇವಿನ ಕಡ್ಡಿ ಅಗಿಯುತ್ತಿದ್ದ.

"ತಮ್ಮಾ, ಮೂರ ಮಂದಿ ಹಾಸು ನಾ ಹುಟ್ಟಿದಾಗಿಂದ ನೋಡಿಲ್ಲ. ನೋಡೂಣು" ಅಂದ.

ಕಾಯುತ್ತ ಕೂತರೆ ಗಂಜಿ ಆರುತ್ತದೆ. ಶುರು ಮಾಡಿದೆವು. ಒಂದು ಬದಿಗೆ ಹೆಂಡತಿ, ಇನ್ನೊಂದು ಬದಿಗೆ ಬೋಧಕರು. ಹೆಂಡತಿ ಹತ್ತು ಮೊಳ ಮುಗಿಸುವಷ್ಟರಲ್ಲಿ ಬೋಧಕರು ಎರಡು ಮೊಳದಲ್ಲಿದ್ದರು, ಕುದುರೆಯ ಮೈ ತಿಕ್ಕಿದಂತೆ ತಿಕ್ಕುತ್ತಿದ್ದರು. ಎಳೆಗಳು ಪಟಪಟನೆ ಹರಿಯುತ್ತಿದ್ದವು. ಹೊಸೆಯಲು ಕೈ ಇಲ್ಲ. ಬೇವಿನ ಮರದ ತುದಿಗೆ ಬಿಸಿಲು ಬಂತು. ಬಳಿದ ಕಡೆ ಎಳೆಗಳು ಅಂಟಿಕೊಳ್ಳಲು ಶುರುವಾದವು.

"ಆಗೂದಿಲ್ಲ ಬೋಧಕರ, ಹೋತು, ಎಲ್ಲಾ ಹೋತು" ಎಂದು ಕೂಗಿದೆ.

ಬೋಧಕರು ಕುಂಚವನ್ನು ಬಗಲಿಗೆ ಸಿಗಿಸಿದರು. "ಗಾಬರಿ ಆಗಬ್ಯಾಡ. ಇದಕ್ಕೂ ಸ್ತೋತ್ರಾ ಹೇಳೂಣು. ಒಂದ ಗಳಿಗಿ ಪ್ರಾರ್ಥಿಸೋಣ."

ಮುಂದಿನದನ್ನು ನಾನು ಮಾಡಿದೆ ಎನ್ನಲಾರೆ, ನನ್ನ ಕೈ ಮಾಡಿದವು. ಎಂಟು ದಿನ ಪಳಗಿದ ಕೈಗಳು ಹಗ್ಗ ಬಿಟ್ಟು ಕೂಡಿಕೊಂಡವು. ಕಣ್ಣು ಮುಚ್ಚಿದವು. ಕಂಬವನ್ನು ಸುತ್ತಿ ಹಗ್ಗ ಸರ್ರನೆ ಓಡಿದ ಸಪ್ಪಳ ಕೇಳಿತು, ಆಮೇಲೆ ಬಿದಿರುಕಾಲುಗಳು ಒಂದರ ಹಿಂದೆ ಒಂದು ಬಿದ್ದ ಸಪ್ಪಳ, ಆಮೇಲೆ ಹೆಂಡತಿ ನನ್ನ ಹೆಸರು ಹಿಡಿದು ಕೂಗಿದ್ದು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳು ನನ್ನ ಹೆಸರು ಹಿಡಿದದ್ದು ಅದೇ ಮೊದಲು. ಕಣ್ಣು ತೆರೆದರೆ ಹಸಿ ಹಾಸು ಉದ್ದಕ್ಕೂ ಧೂಳಿನಲ್ಲಿ ಮಲಗಿತ್ತು.

ಕಾಕಾನ ಬಾಯಿಂದ ಬೇವಿನ ಕಡ್ಡಿ ಉದುರಿತು. ಅವನು ಕಟ್ಟೆಯಿಂದ ಇಳಿದ ರೀತಿ ಎಪ್ಪತ್ತು ವರ್ಷದವನು ಇಳಿಯುವಂತಿರಲಿಲ್ಲ.

"ಏ ಹುಚ್ಚ, ಹಾಸು ನೆಲಕ್ಕ ಬಿಡತಾರೇನೋ? ನಿಮ್ಮಪ್ಪ ಮ್ಯಾಲಿಂದ ನೋಡಾಕತ್ತಾನ, ಎರಡನೇ ಸಲ ಸಾಯ್ತಾನ ಅಂವಾ. ಎತ್ತ್ರೋ ಎಲ್ಲಾರೂ, ಏನ ಮಾರಿ ನೋಡಕೋಂತ ನಿಂತೀರಿ, ನೂಲು ಒಣಗಾಕತ್ತೈತಿ. ಏ ಅವ್ವಾ, ಇನ್ನೊಂದ ಗಡಿಗಿ ಗಂಜಿ ಇಡ. ಬೋಧಕರ, ನೀವು ಆ ಕುಂಚಾ ಕೆಳಗ ಇಡ್ರಿ, ಪುಣ್ಯಾ ಬರತೈತಿ."

ಓಣಿ ಇಳಿದು ಬಂತು. ಹದಿನಾಲ್ಕು ಜನ ಎಂದು ಆಮೇಲೆ ಎಣಿಸಿದೆ. ಯಾರೂ ಪ್ರೀತಿಯಿಂದ ಬಂದರೆಂದು ಹೇಳಲಾರೆ. ಬೈಯುತ್ತ ಬಂದರು. ಕುಂಚಗಳನ್ನು ತಮ್ಮ ಮನೆಯಿಂದಲೇ ತಂದಿದ್ದರು, ಬಾಗಿಲ ಹಿಂದೆಯೇ ಇಟ್ಟುಕೊಂಡು ನಿಂತಿದ್ದರೆಂದು ಆಗ ಹೊಳೆಯಿತು. ಹಾಸು ಎದ್ದಿತು, ಧೂಳು ಕೊಡವಿದರು, ಎಳೆ ಹೊಸೆದರು. ಹಗ್ಗವನ್ನು ಮಾತ್ರ ನನ್ನ ಕೈಗೆ ಕೊಡಲಿಲ್ಲ. ಕಾಕಾ ತಾನೇ ಹಿಡಿದ.

"ಕಾಕಾ, ನೀವು ಬರೂದಿಲ್ಲ ಅಂತ ತಿಳಿದಿದ್ನಿ" ಅಂದೆ.

"ನೀ ಕರೀಲಿಲ್ಲ, ನಾವು ಬರಲಿಲ್ಲ. ನಿನ್ನೆ ಬಂದು ಎಮ್ಮಿ ಕಾಲ ಕೇಳಿ ಹ್ವಾದಿ. ನಾನೂ ಕೇಳಿದ್ನೆಲ್ಲ, ಮತ್ತ ಅಂತ. ಬಾಯಿ ಹೊಲಕೊಂಡಾನೇನು ಅಂದ್ಕೊಂಡ್ನಿ."

"ಕುಂಕುಮ ಹಿಡಕೊಂಡು ಬರಾಕ ಬರೂದಿಲ್ಲ ನನಗ, ಕಾಕಾ. ಕಾಯಿ ಒಡ್ಯಾಕೂ ಬರೂದಿಲ್ಲ."

"ಅದ ಊರಿಗೆಲ್ಲಾ ಗೊತ್ತೈತಿ. ಕುಂಕುಮ ಇಲ್ಲದ ಬಾ. ಕಾಲು ಅದಾವಲ್ಲ." ಆಮೇಲೆ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದು, "ಕಾಯಿ ನಾ ಒಡೀತೇನಿ. ಓಣಿ ಕೆಲಸ, ಓಣಿ ಕಾಯಿ. ನಿನಗ ನೋಡಾಕ ಆಗಲಿಲ್ಲಂದ್ರ ಆ ಕಡೆ ಮಾರಿ ಮಾಡು" ಅಂದ.

ಒಡೆದ. ನಾನು ಆ ಕಡೆ ಮುಖ ಮಾಡಿದೆ. ಬೋಧಕರು ಎಳೆಯಿಂದ ಕಸ ಆಯುತ್ತಿದ್ದರು, ತಲೆ ಎತ್ತಲಿಲ್ಲ.

ಹಾಸು ಉಳಿಯಿತು. ಕೆಲಸ ಮುಗಿದ ಮೇಲೆ ಬಂದವರಿಗೆ ಬೆಲ್ಲ, ಶೇಂಗಾ ಕೊಡುವುದು ರೂಢಿ. ನಮ್ಮ ಮನೆಯ ಬೆಲ್ಲ ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂದು ನನಗೆ ಮತ್ತೊಂದು ಚಿಂತೆ ಹತ್ತಿತು. ಕೆಲವರು ಅಲ್ಲೇ ತಿಂದರು. ಇಬ್ಬರು ಬೇಡ ಅಂದರು. ಒಬ್ಬಾಕೆ ಸೆರಗಿನ ತುದಿಗೆ ಕಟ್ಟಿಕೊಂಡು ಹೋದಳು, ಕರುವಿಗೆ ಹಾಕಿದಳೋ ತಾನು ತಿಂದಳೋ ಗೊತ್ತಿಲ್ಲ. ಹಿಂದೆ ಹೋಗಿ ನೋಡಬೇಡಿ ಎಂದು ಹೆಂಡತಿ ಕಣ್ಣಲ್ಲೇ ಹೇಳಿದಳು.

ಜನ ಹೋದ ಮೇಲೆ ಬೋಧಕರ ಮೇಲೆ ಹರಿಹಾಯ್ದೆ. "ಎಂಟು ದಿನಾ ಬೇಡಿದ್ನಿ. ನೀವೇ ಹೇಳಿದ್ರಿ, ದೇವರು ಕಳಸ್ತಾನ ಅಂತ."

ಅವರ ಗಡ್ಡದಲ್ಲೆಲ್ಲ ಗಂಜಿ ಒಣಗಿತ್ತು. "ಕರೀಬೇಕು ಅನ್ನೂದು ನನಗ ಗೊತ್ತಿರಲಿಲ್ಲ, ತಮ್ಮಾ. ನೀ ಹೇಳಲೇ ಇಲ್ಲ. ಹಗ್ಗದ್ದು ಮಾತ್ರ ನನ್ನ ತಪ್ಪು. ಕೆಲಸದಾಗ ಇದ್ದಾವಗ ಕಣ್ಣ ಮುಚ್ಚು ಅನಬಾರದಿತ್ತು. ಕಣ್ಣ ತಗದು ಕೇಳಿದ್ರೂ ದೇವರಿಗೆ ಕೇಳಸ್ತಿತ್ತು."

ಅವರು ತಪ್ಪು ಒಪ್ಪಿಕೊಂಡದ್ದು ನನಗೆ ಇನ್ನಷ್ಟು ಸಿಟ್ಟು ತಂದಿತು. ಒಪ್ಪಿಕೊಂಡವರ ಜೊತೆ ಜಗಳ ಮಾಡುವುದು ಹೇಗೆ. ಉಳಿದ ತಪ್ಪೆಲ್ಲ ನನ್ನದೇ ಆಗಿ ಉಳಿಯಿತು. ನಾನು ಕೇಳಿದ್ದು ಜನರನ್ನಲ್ಲ. ನನ್ನ ಬದಲಿಗೆ ನೀನೇ ಓಣಿಯಲ್ಲಿ ತಿರುಗಿ ಕರೆದು ಬಾ ಎಂದು ದೇವರನ್ನು ಆಳಿನಂತೆ ಕಳಿಸಲು ನೋಡಿದ್ದೆ. ಅವನು ಹೋಗಲಿಲ್ಲ. ನಾನು ನಾಚಿಕೆಯಿಂದ ಮಾಡದ ಕೆಲಸವನ್ನು ಅವನು ಯಾಕೆ ಮಾಡಬೇಕು.

ಅಂದು ಸಂಜೆ ಪ್ರಾರ್ಥನೆಗೆ ಕೂತೆ. ಮೂರಕ್ಕೆ ತಿಣುಕುತ್ತಿದ್ದವನು ಕಾಕಾನಿಂದ ಶುರು ಮಾಡಿ ಹದಿನಾಲ್ಕೂ ಜನರ ಹೆಸರು ಹೇಳಿ ಸ್ತೋತ್ರ ಹೇಳಿದೆ. ಬೆಲ್ಲ ಬೇಡ ಅಂದ ಇಬ್ಬರನ್ನೂ ಬಿಡಲಿಲ್ಲ, ಅವರೂ ಎಳೆ ಹೊಸೆದಿದ್ದರು. ಹೆಸರು ಹೇಳುತ್ತ ಹೋದಂತೆ ಹೊಟ್ಟೆಯ ಲಾಳಿ ತುಸು ನಿಧಾನವಾದದ್ದು ನಿಜ. ಒಬ್ಬೊಬ್ಬರ ಮುಖ ಕಣ್ಣೆದುರಿಗೆ ಬಂದಾಗ, ಇವರು ನನ್ನನ್ನು ಬಿಟ್ಟಿದ್ದಾರೆ ಎಂದು ಹೆದರುವುದಕ್ಕೆ ಜಾಗವೇ ಉಳಿಯಲಿಲ್ಲ.

"ಇವತ್ತ ಕೊಡದ ಪಾಳಿ ಬರಲಿಲ್ಲಲ್ಲ" ಅಂದಳು ಹೆಂಡತಿ. "ರೊಟ್ಟಿ ಆರಾಕತ್ತಾವ, ಸಾಕ ಮಾಡ್ರಿ."

ಆ ಹಾಸಿನ ಮೊದಲ ಸೀರೆಯಲ್ಲಿ ಧೂಳಿನ ಕಲೆ ಹೋಗಲೇ ಇಲ್ಲ. ಗೇಣಗಲದ ಕಂದು ಪಟ್ಟಿ ಹಾಗೇ ನಿಂತಿತು. ಅದನ್ನು ಹೆಂಡತಿ ತಾನೇ ಇಟ್ಟುಕೊಂಡು ಭಾನುವಾರ ಉಡುತ್ತಿದ್ದಳು. ಯಾರಾದರೂ ಕೇಳಿದರೆ, "ಇದು ನಮ್ಮವರು ಪ್ರಾರ್ಥನಾ ಮಾಡಿದ್ದು" ಎನ್ನುತ್ತಿದ್ದಳು. ಬೇಡ ಎಂದರೂ ಕೇಳಲಿಲ್ಲ.

ಮುಂದಿನ ಹಾಸಿನ ಹಿಂದಿನ ಸಂಜೆ ಬರಿಗೈಯಲ್ಲಿ ಹೊರಟೆ. ಕಣ್ಣು ತೆರೆದುಕೊಂಡೇ, ನಡೆಯುತ್ತಲೇ, ಆಯಾ ಮನೆಯವರಿಗಾಗಿ ಒಂದೊಂದು ಸ್ತೋತ್ರ ಹೇಳಿಕೊಂಡು ಬಾಗಿಲು ಬಡಿದೆ. ಎಲ್ಲ ಮನೆಯವರೂ ಒಳ್ಳೆಯ ಮಾತಾಡಲಿಲ್ಲ. ಒಂದು ಮನೆಯವರು ಆಮೇಲೆ ಎಂದೂ ಬರಲಿಲ್ಲ. ಉಳಿದವರು ಬಂದರು. ಕಾಕಾ ಇರುವತನಕ ಪ್ರತಿ ಹಾಸಿಗೂ ಮೊದಲು ಬಂದು ಕಂಬದ ಗಂಟು ಜಗ್ಗಿ ನೋಡಿ, "ಕಟ್ಟೀದಿ? ಹಂಗಾರ ಈಗ ಕೈ ಮುಗಿ" ಎನ್ನುತ್ತಿದ್ದ.

ಚಿಂತೆ ಈಗಲೂ ಇದೆ. ಇದನ್ನು ಹೊಡೆಯುವಾಗಲೂ ಎರಡು ಸಲ ಎದ್ದು ಹೋಗಿ ಚಿಲಕ ನೋಡಿ ಬಂದೆ. ಆದರೆ ಹೆಸರು ಹಿಡಿದು ಸ್ತೋತ್ರ ಹೇಳಿದ ದಿನ ಅದು ಬೇಗ ತಣಿಯುತ್ತದೆ, ಕಾಲಿಗೆ ಚಪ್ಪಲಿ ಸಿಗಿಸಿಕೊಂಡು ಅವರ ಮನೆಗೇ ಹೊರಟ ದಿನ ಇನ್ನೂ ಬೇಗ. ನೀವೂ ಹೀಗೆ ಗೋಡೆಯಾಚೆ ಹೇಳಬೇಕಾದ ಮಾತನ್ನು ಮುಗಿಲಿಗೆ ಮಾತ್ರ ಹೇಳಿ ಕೂತದ್ದುಂಟೇ? ಆಮೇಲೆ ಯಾರು ಬೈದು ಎಬ್ಬಿಸಿದರು? ಬರೆದು ತಿಳಿಸಿ. 'ಪ್ರಾರ್ಥಿಸಿದೆ, ಹೋಯಿತು' ಎಂದು ಎರಡು ಮಾತಿನಲ್ಲಿ ಮಾತ್ರ ಮುಗಿಸಬೇಡಿ. ನಡುವೆ ಏನಾಯಿತು ಎಂಬುದನ್ನೂ ಬರೆಯಿರಿ.